ಲೇತ್ ಅಂಗಡಿಯವನು ಕೇಳಿದ ಪ್ರಶ್ನೆ

ಗೆಳೆಯರೇ, ಇವತ್ತು ತುಮಕೂರಿನ ಮಷಿನ್ ಅಂಗಡಿಯೊಂದರಲ್ಲಿ ಒಂದು ಸಣ್ಣ ಪ್ರಶ್ನೆಗೆ ಸಿಕ್ಕಿಬಿದ್ದೆ. ಗುಬ್ಬಿಯಲ್ಲಿ ಮಂಚದ ಕಾಲು ಕಡೆಯುವ ಕರೀಂ ಸಾಹೇಬರ ಹತ್ತಿರ ಆರು ಭಾನುವಾರ ಮರ ಕಡೆಯುವುದನ್ನು ಕಲಿತಿದ್ದೇನೆ. ಮುಂದಿನ ತಿಂಗಳು ರಿಟೈರ್ ಆಗುವುದರೊಳಗೆ ಸ್ವಂತ ಲೇತ್ ಮನೆಗೆ ಬರಲಿ ಎಂದು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ.

"ಬೆಡ್ ಎಷ್ಟುದ್ದ ಇರ್ಬೇಕು ಸಾರ್?" ಎಂದ ಅಂಗಡಿಯವನು.

"ಬೆಡ್ಡು ಮನೇಲೈತೆ ಕಣಪ್ಪ, ಮರ ಕಡೆಯೋ ಮಷಿನ್ ತೋರ್ಸು" ಎಂದಳು ಹೆಂಡತಿ.

ಅವನು ನಗು ತಡೆದುಕೊಂಡು ಲೇತಿನ ಉದ್ದನೆಯ ಕಬ್ಬಿಣದ ಹಾಸನ್ನು ಮುಟ್ಟಿ ತೋರಿಸಿದ. "ಇದುನ್ನೇ ಬೆಡ್ ಅನ್ನೋದಮ್ಮಾ. ಮಂಚದ ಕಾಲಿಗೆ ಉದ್ದಂದು ಬೇಕು, ಬಟ್ಲು, ಬುಗುರಿಗೆ ಗಿಡ್ಡಂದು ಸಾಕು. ಸಾರ್ ಏನ್ ಕಡೀತಾರೆ?"

ಏನು ಕಡೆಯಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ಮರ ದುಂಡಗಾಗುವುದನ್ನು ನೋಡಿ ಖುಷಿಪಟ್ಟಿದ್ದೆ, ಅಷ್ಟೇ.

"ಲಟ್ಟಣಿಗೆ ಅನ್ಬೇಡಿ, ಮನೇಲಿ ಮೂರವೆ" ಎಂದು ಹೆಂಡತಿ ಮೊದಲೇ ಎಚ್ಚರಿಸಿದಳು.

ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. "ಏನ್ ಮಾಡ್ಬೇಕು ಅಂತ್ಲೇ ಗೊತ್ತಿಲ್ಲ ಅಂದ್ರೆ ಮಷಿನ್ ಯಾಕ್ ಸ್ವಾಮಿ? ನಂದ್ರಲ್ಲೇ ಕಡೀರಿ ಬುಡಿ" ಎಂದರು.

ಬರಿಗೈಲಿ ವಾಪಸ್ ಬಂದೆವು. ನಿಮ್ಮ ಯಾರ ಮನೆಗಾದರೂ ದುಂಡಗಿನ ಮರದ ಸಾಮಾನು ಬೇಕಿದ್ದರೆ ದಯವಿಟ್ಟು ಹೇಳಿ. ಲೇತ್ ಕೊಳ್ಳಲು ನನಗೊಂದು ಕಾರಣ ಬೇಕಾಗಿದೆ.