ನಾಲ್ವರು ಸೇರಿ ಬರೆದ ಇಂಗ್ಲಿಷು

ನಮ್ಮ ಇಂಗ್ಲಿಷ್ ಮೇಷ್ಟ್ರ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ‘ಎಸ್’ ಅಕ್ಷರ ಬಂದಾಗಲೆಲ್ಲ ಆ ಸಂದಿಯಿಂದ ಸಣ್ಣ ಸಿಳ್ಳೆ ಹೊರಡುತ್ತಿತ್ತು. ಮೊದಲ ದಿನ ಇಡೀ ಒಂಬತ್ತನೇ ಕ್ಲಾಸು ನಕ್ಕಿತು. “ಇವತ್ತೇ ನಕ್ಕು ಮುಗಿಸಿಬಿಡ್ರಿ. ನಾಳೆಯಿಂದ ನನ್ನ ಹಲ್ಲಿಗೆ ನೀವು ನಗಬ್ಯಾಡ್ರಿ, ನಿಮ್ಮ ತಪ್ಪಿಗೆ ನಾನೂ ನಗಲ್ಲ,” ಎಂದರು. ಕೊನೆಯವರೆಗೂ ಆ ಮಾತಿಗೆ ತಪ್ಪಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಮತ್ತೋಡಿನ ಹೈಸ್ಕೂಲಿಗೆ ನಾನು ಹಟ್ಟಿಯಿಂದ ನಡೆದು ಬರುತ್ತಿದ್ದೆ. ಕುರಿ ಸಾಕುವವರ ಮಗಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದಾಗ ಅಪ್ಪ, “ಬಾರದ ಭಾಷೆ ಹಿಂದೆ ಯಾಕೆ ಅಲೀತೀಯ? ಸಂಕ್ರಾಂತಿ ಆದ್ಮೇಲೆ ಶಾಲೆ ಬ್ಯಾಡ,” ಎಂದುಬಿಟ್ಟ.

ಮೇಷ್ಟ್ರು ಪ್ರತಿ ಶನಿವಾರ ಪಠ್ಯಪುಸ್ತಕ ಮುಚ್ಚಿಸಿ, ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಇಂಗ್ಲಿಷಿನಲ್ಲಿ ಕತೆ ಕಟ್ಟಿಸುತ್ತಿದ್ದರು. ಒಬ್ಬೊಬ್ಬರೂ ತಮ್ಮ ಪಾಲಿನ ಮಾತು ಸೇರಿಸಲೇಬೇಕು. ಒಬ್ಬರು ಸುಮ್ಮನಾದರೆ ಕತೆ ಅಲ್ಲೇ ನಿಲ್ಲಬೇಕು. ನಮ್ಮ ಗುಂಪಿನ ಕತೆ ಎಷ್ಟೋ ವಾರ ನನ್ನ ಬಳಿ ಬಂದು ನಿಂತಿತು. ಉಳಿದ ಮೂವರು ಸಿಡುಕಿದರೆ ಮೇಷ್ಟ್ರು, “ಕಾಯ್ರಿ. ಅವಳ ಹತ್ರ ಮಾತು ಐತೆ, ಬರ್ತೈತೆ,” ಎನ್ನುತ್ತಿದ್ದರು.

ಡಿಸೆಂಬರಿನಲ್ಲಿ ಶಾಲೆ ತಪಾಸಣೆಗೆ ಇನ್‌ಸ್ಪೆಕ್ಟರು ಬಂದರು. ಗೋಡೆಗೆ ಅಂಟಿಸಿದ್ದ ಕತೆಗಳನ್ನು ಓದಿ, “ಇದು ಮಕ್ಕಳ ಬರಹವಲ್ಲ. ನೀವೇ ಬರೆದುಕೊಟ್ಟಿದ್ದೀರಿ,” ಎಂದರು. ಮೇಷ್ಟ್ರ ಮುಖ ಕೆಂಪಾಯಿತು.

“ನಾನು ಹೊರಗೆ ನಿಲ್ತೀನಿ ಸಾರ್. ವಿಷಯ ನೀವೇ ಕೊಡ್ರಿ.”

ಅವರು ಅಂಗಳಕ್ಕೆ ನಡೆದರು. ಇನ್‌ಸ್ಪೆಕ್ಟರು ಕಿಟಕಿಯಾಚೆ ನೋಡಿ, “ನನ್ನ ಜೀಪು,” ಎಂದರು.

ನಮ್ಮ ಗುಂಪಿನ ಮೊದಲಿಬ್ಬರು ಜೀಪನ್ನು ಹೊಸದುರ್ಗದಿಂದ ಹೊರಡಿಸಿದರು. ಮೂರನೆಯವಳು ದಾರಿ ತುಂಬ ಕುರಿ ತಂದು ನಿಲ್ಲಿಸಿ ನನ್ನ ಮುಖ ನೋಡಿದಳು. ಕುರಿಯ ವಿಷಯ ನನಗಲ್ಲದೆ ಯಾರಿಗೆ ಗೊತ್ತು! ಆದರೆ ‘ಹಾರ್ನ್ ಹೊಡೆಯಿತು’ ಎನ್ನಲು ಇಂಗ್ಲಿಷು ಬರಲಿಲ್ಲ. ಬಂದದ್ದನ್ನೇ ಹಾಳೆಯಲ್ಲಿ ಬರೆದೆ: “ದಿ ಜೀಪ್ ಕ್ರೈಡ್. ದಿ ಶೀಪ್ ಡಿಡ್ ನಾಟ್ ಲಿಸನ್.”

ಇನ್‌ಸ್ಪೆಕ್ಟರು ಓದಿ ಹುಬ್ಬೇರಿಸಿದರು. “ಜೀಪು ಎಲ್ಲಾದರೂ ಅಳುತ್ತದೇನಮ್ಮ?”

“ಅಳ್ತೈತೆ ಸಾರ್. ಕುರಿ ಜಾಗ ಬಿಡ್ಲಿಲ್ಲ ಅಂದ್ರೆ ಅಳ್ತಾನೇ ಇರ್ತೈತೆ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಟಕಿಗೆ ಹೋಗಿ, “ಮೇಷ್ಟ್ರೇ, ಒಳಗೆ ಬನ್ನಿ. ನಾನು ಹೇಳಿದ್ದು ತಪ್ಪಾಯಿತು,” ಎಂದು ಎಲ್ಲರೆದುರೇ ಕೂಗಿದರು. ನಾವು ಬೆಂಚು ಬಡಿದು ಗದ್ದಲವೆಬ್ಬಿಸಿದೆವು. ಎಂದೂ ಗದ್ದಲ ಸಹಿಸದ ಮೇಷ್ಟ್ರು ಅಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಸಂಜೆ ಆ ಹಾಳೆ ಹಿಡಿದು ನಮ್ಮ ಹಟ್ಟಿಗೇ ಬಂದರು. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಕತೆಯನ್ನು ಕನ್ನಡದಲ್ಲಿ ಹೇಳಿದರು. ಕುರಿಗಳು ಜೀಪಿಗೆ ಅಡ್ಡ ನಿಂತಲ್ಲಿಗೆ ಬಂದು ಸುಮ್ಮನಾದರು.

“ಆಮ್ಯಾಕೇನಾತು?” ಎಂದ ಅಪ್ಪ.

“ನಾಳೆ ಶಾಲೆಗೆ ಕಳಸ್ರಿ. ಬರೀತಾಳೆ.”

ಅಪ್ಪ ಕಳಿಸಿದ, ಸಂಕ್ರಾಂತಿ ಕಳೆದ ಮೇಲೂ ಕಳಿಸಿದ. ನಮ್ಮ ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ನಾನು. ಮೇಷ್ಟ್ರು ತೀರಿಕೊಂಡು ಬಹಳ ವರ್ಷಗಳಾದವು. ಹೊಳಲ್ಕೆರೆಯಲ್ಲಿ ಇಂಗ್ಲಿಷ್ ಕಲಿಸಿಕೊಂಡೇ ನಿವೃತ್ತಳಾದೆ. ಅವರ ಋಣ ತೀರಿತೆಂದು ಒಂದು ದಿನವೂ ಅನ್ನಿಸಲಿಲ್ಲ.