ಮೇಲಿನ ಮನೆಯವಳ ದೇಶ

ಸ್ವಲ್ಪ ಹತ್ತಿರ ಬನ್ನಿ, ಇದು ನಿಮ್ಮ ಬಾಯಿಂದ ಆಚೆ ಹೋಗಕೂಡದು. ಡಾಟ್‌ಕಾಮ್ ಅಂತ ನಮ್ಮ ಪಂಜಾಬಿ ಅಳಿಯ ಆಫೀಸಿನಲ್ಲೇ ಬಿದ್ದಿರುತ್ತಿದ್ದ ಕಾಲ. ಮಗಳ ಬಾಣಂತನಕ್ಕೆ ನಾನು ಅಮೆರಿಕಾದ ನೆವಾರ್ಕಿಗೆ ಹೋಗಿದ್ದೆ. ಮೇಲಿನ ಅಪಾರ್ಟ್‌ಮೆಂಟಿಗೆ ಇಥಿಯೋಪಿಯಾದ ಹೆಂಗಸೊಬ್ಬಳು ಬಂದಳು, ಗಂಡನ ಸುಳಿವಿಲ್ಲ. ಬಿಟ್ಟು ಓಡಿಬಂದವಳೇ ಅಂತ ಲಾಂಡ್ರಿ ರೂಮಿನಲ್ಲಿ ಸಿಕ್ಕ ಕನ್ನಡದವರಿಗೆಲ್ಲ ನಾನೇ ಹೇಳಿದ್ದೆ.

ಒಂದು ದಿನ ಅವಳೇ ನಮ್ಮನ್ನು ಕರೆದು, ಎದುರಿಗೇ ಬೀಜ ಹುರಿದು ಕಾಫಿ ಕೊಟ್ಟಳು. ಗಂಡನೆಲ್ಲಿ ಅಂತ ಕೇಳಿಸಿದೆ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ಕನ್ನಡ ಮಾಡಿದಳು. ಪಕ್ಕದ ಎರಿಟ್ರಿಯಾದ ಜೊತೆ ಯುದ್ಧ ಶುರುವಾಯಿತಂತೆ. ಇವಳ ಅಪ್ಪ ಅಲ್ಲಿಯವನಂತೆ, ಅಮ್ಮ ಇಥಿಯೋಪಿಯಾದವಳೇ ಅಂತೆ. ಅಷ್ಟಕ್ಕೇ, ನೀನು ಈ ದೇಶದವಳಲ್ಲ ಅಂತ ಹುಟ್ಟಿದೂರಿಂದ ಬಸ್ಸು ಹತ್ತಿಸಿ ಗಡಿ ದಾಟಿಸಿದರಂತೆ. ಗಂಡ, ಮಗ ಹುಟ್ಟಿದೂರಲ್ಲೇ ಉಳಿದರಂತೆ, ಇವಳೊಬ್ಬಳೇ ಹೇಗೋ ಅಮೆರಿಕಾ ಸೇರಿದಳಂತೆ.

ನನಗೆ ಮೈಯೆಲ್ಲ ಉರಿಯಿತು. "ಹೆತ್ತ ತಾಯಿ ಆ ದೇಶದವಳೇ ಅಲ್ವೇನೇ? ಹೊತ್ತು ಹೆತ್ತವಳು ಲೆಕ್ಕಕ್ಕಿಲ್ಲ, ಅಪ್ಪನ ಕುಲ ಒಂದೇ ಲೆಕ್ಕವಾ? ಅವರ ಬಾಯಿಗೆ ಮಣ್ಣು ಹಾಕ" ಅಂತ ಬೈದೆ. ಮಗಳು ಅದನ್ನೂ ಅವಳಿಗೆ ತಿರುಗಿಸಿ ಹೇಳಿದಳು.

ಅವಳು ನನ್ನ ತೊಡೆಯ ಮೇಲಿದ್ದ ಮೊಮ್ಮಗಳನ್ನು ನೋಡಿ, ನನ್ನ ಮುಖಕ್ಕೇ ಅಂದಳು, ಮಗಳು ಅದನ್ನೂ ಬಿಡದೆ ಕನ್ನಡ ಮಾಡಿದಳು: "ಅಪ್ಪ ಪಂಜಾಬಿ ಅಂತ ಈ ಮಗೂನ ದಿನಾ 'ಪಂಜಾಬಿ' ಅಂತಲೇ ಕರೀತೀರಲ್ಲ ಅಜ್ಜಿ, ಮೇಲಿನ ಮನೆಗೂ ಕೇಳಿಸುತ್ತೆ, ಇದನ್ನ ಹೆತ್ತವಳು ನಿಮ್ಮ ಮಗಳಲ್ವಾ?"