ನನ್ನ ‘ಬೇಡ’ ಕೇಳಿಸಿಕೊಂಡ ಟೀಚರ್

ಟೀಚರ್ ಅವರ ಎಡಗೈ ಮಣಿಕಟ್ಟಿನಲ್ಲಿ ವಾಚಿನ ಪಟ್ಟಿಯಷ್ಟು ಅಗಲದ ಬಿಳಿ ಗುರುತೊಂದಿತ್ತು. ದುಬೈ ಬಿಸಿಲಿಗೆ ಕಂದಿದ ಕೈಯಲ್ಲಿ ಅದು ಎದ್ದು ಕಾಣುತ್ತಿತ್ತು. ಯಾರಾದರೂ ಎದುರು ಕೂತು ಬಾಯಿ ತೆರೆಯುವ ಮೊದಲೇ ವಾಚು ಬಿಚ್ಚಿ ಬ್ಯಾಗಿಗೆ ಹಾಕುವುದು ಅವರ ಅಭ್ಯಾಸ. ಹಾಗಾಗಿ ಆ ಬಿಳಿ ಗುರುತು ಕಂಡರೆ ನಾವು ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದೇ ಅರ್ಥ.

ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಮಕ್ಕಳ ಕೌನ್ಸೆಲರ್ ಆಗಿದ್ದವರು ಅವರು. ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಅವರಿಗೆ ಇನ್ನೊಂದು ಕೆಲಸವೂ ಇತ್ತು. ‘ದೇವರು ಕರೆದಿದ್ದಾರೆ, ಪಾಸ್ಟರ್ ಆಗುತ್ತೇನೆ’ ಎಂದು ಹೊರಟವರನ್ನು ಊರಿನ ಬಿಷಪರು ಮೊದಲು ಇವರ ಹತ್ತಿರ ಕಳುಹಿಸುತ್ತಿದ್ದರು. ತಿಂಗಳುಗಟ್ಟಲೆ ಮಾತಾಡಿಸಿ, ಮನೆಮಂದಿಯನ್ನೂ ಕಂಡು, ಟೀಚರ್ ‘ಸರಿ’ ಎಂದರೆ ಮಾತ್ರ ಪಾಸ್ಟರ್ ಓದಿಗೆ ಸೆಮಿನರಿಯಲ್ಲಿ ಸೀಟು.

“ದೇವರು ಕರೆದದ್ದು ಹೌದಾ ಅಲ್ವಾ, ಅದು ನನಗೆ ಸೇರಿದ್ದಲ್ಲ,” ಎನ್ನುತ್ತಿದ್ದರು. “ಈ ಜನಕ್ಕೆ ಬೇರೆಯವರ ಮಾತು ಕೇಳುವ ಕಿವಿ ಉಂಟಾ, ಅಷ್ಟೇ ನಾನು ನೋಡುವುದು.”

ನನ್ನ ಗಂಡನಿಗೆ ಬಾಯಿ ಇತ್ತು. ಜೆಬೆಲ್ ಅಲಿ ಬಂದರಿನಲ್ಲಿ ಕಾರ್ಗೋ ಸೂಪರ್‌ವೈಸರ್ ಕೆಲಸ. ಸಭೆಯಲ್ಲಿ ಇವರು ಪ್ರಾರ್ಥನೆಗೆ ನಿಂತರೆ ಹಿಂದಿನ ಸಾಲಿನ ಮಕ್ಕಳೂ ಗಪ್‌ಚುಪ್. ಒಂದು ಶುಕ್ರವಾರ, ಆಗ ಇಲ್ಲಿ ವಾರದ ರಜೆ ಅಂದೇ, ಆರಾಧನೆ ಮುಗಿದ ಮೇಲೆ, ಕೆಲಸ ಬಿಟ್ಟು ಸೆಮಿನರಿಗೆ ಹೋಗುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟರು. ನನಗೂ ಆಗಲೇ ಗೊತ್ತಾದದ್ದು! ಸಭೆಯವರದ್ದು ಕೇಳಬೇಕಾ, ಮುಂದಿನ ವಾರವೇ ಕೇಕ್ ಕತ್ತರಿಸಿದರು. ಹೆಂಗಸರು ನನ್ನ ಕೈ ಹಿಡಿದು, “ಇನ್ನು ನೀನು ಪಾಸ್ಟರಮ್ಮ. ಹಾರ್ಮೋನಿಯಂ ಕಲಿ, ಸಂಡೇ ಸ್ಕೂಲ್ ನಿನ್ನದೇ,” ಎಂದರು. ಹಲ್ಲು ಕಿರಿದು ಕೇಕ್ ತಿಂದೆ. ಐಸಿಯು ನರ್ಸ್ ನಾನು. ಇಲ್ಲಿನ ಲೈಸೆನ್ಸಿಗೆ ಎಷ್ಟು ನಿದ್ದೆಗೆಟ್ಟು ಓದಿದ್ದೆ, ಅದು ಬಿಟ್ಟು ಹೋಗಲು ಮನಸ್ಸುಂಟಾ ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದ್ದು ಟೀಚರ್. ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಗೆ ಬಂದವರೇ, “ಸ್ವಲ್ಪ ಕೆಳಗೆ ನಡೆದು ಬನ್ನಿ,” ಎಂದು ಇವರನ್ನು ಹೊರಗೆ ಕಳುಹಿಸಿದರು. ವಾಚು ಬ್ಯಾಗಿಗೆ ಹೋಯಿತು.

“ನಿಮಗೆ ಹೇಗೆ ಅನ್ನಿಸ್ತದೆ?”

“ಅವರ ಇಷ್ಟವೇ ನನ್ನ ಇಷ್ಟ, ಟೀಚರ್.”

“ಅದು ಬಿಡಿ ಮಾರಾಯ್ತಿ. ಎಲ್ಲ ಹೆಂಡಂದಿರೂ ಚಾ ತಂದಿಟ್ಟು ಅದನ್ನೇ ಹೇಳ್ತಾರೆ. ಬೇಡ ಅಂತ ಇದ್ರೆ ನಿಮಗೆ ಹೇಳ್ಲಿಕ್ಕೆ ಬರ್ತದಾ? ಅದು ಕೇಳ್ಬೇಕು ನಂಗೆ.”

ಅಷ್ಟು ಸಾಕಾಯಿತು. ಅಳು, ಸಿಟ್ಟು ಎಲ್ಲ ಒಟ್ಟಿಗೇ ಬಂತು. “ಬೇಡ ಟೀಚರ್. ಹಾರ್ಮೋನಿಯಂ ಬೇಡ, ಪಾಸ್ಟರಮ್ಮ ಅನ್ನಿಸಿಕೊಳ್ಳುವುದೂ ಬೇಡ. ಐಸಿಯುನಲ್ಲಿ ಜನ ಕಣ್ಣು ಬಿಟ್ಟಾಗ ಮೊದಲು ಕಾಣುವುದು ನನ್ನ ಮುಖ. ನನ್ನ ಸೇವೆ ಅದು. ಬಿಡುವುದಿಲ್ಲ.”

ಸಮಾಧಾನವನ್ನೇನೂ ಹೇಳಲಿಲ್ಲ ಪುಣ್ಯಾತ್ಗಿತ್ತಿ. ಇವರು ಮೇಲೆ ಬಂದ ಮೇಲೆ, ಹೇಳಿದ್ದನ್ನೇ ಇವರೆದುರು ಇನ್ನೊಮ್ಮೆ ಹೇಳಿಸಿದರು. ಇವರು ಬಿಡುತ್ತಾರಾ, ಒಂದರ ಮೇಲೊಂದು ಬೈಬಲ್ ವಾಕ್ಯ ಶುರು. ಟೀಚರ್ ಕೈ ಎತ್ತಿದರು.

“ಉತ್ತರ ಬೇಡ. ನಿಮ್ಮ ಹೆಂಡತಿ ಈಗ ಎಂತ ಹೇಳಿದ್ರು, ಅದನ್ನು ಹೇಳಿ.”

“ಅದು... ಸ್ವಲ್ಪ ಹೆದರಿದ್ದಾಳೆ.”

“ಹೆದರಿಕೆ ಅಂತ ಇವರು ಹೇಳ್ಲೇ ಇಲ್ಲ.” ಟೀಚರ್ ಎದ್ದು ನಿಂತರು. “ಈ ವರ್ಷ ಬೇಡ.”

ಖಲಾಸ್! ಇವರು ವಾರಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಸಭೆಯಲ್ಲೂ ಗುಸುಗುಸು: ದೇವರ ಕೆಲಸಕ್ಕೆ ಹೆಂಡತಿಯೇ ಅಡ್ಡಗಾಲು ಹಾಕಿದಳಂತೆ. ಆರಾಧನೆಯ ನಂತರದ ಚಹಾದ ಹೊತ್ತಿಗೆ ಅದು ಟೀಚರ್ ಕಿವಿಗೆ ಬಿತ್ತು. “ಅಡ್ಡ ಹಾಕಿದ್ದು ನಾನು. ಕೇಳುವುದಿದ್ರೆ ನನ್ನ ಹತ್ರ ಕೇಳಿ,” ಎಂದರು, ಎಲ್ಲರಿಗೂ ಕೇಳುವ ಹಾಗೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಅವರ ಬಾಯಿಂದ ಹೊರಬೀಳಲಿಲ್ಲ. ಆ ದಿನ ಅವರ ಪಕ್ಕದಲ್ಲಿ ತಲೆ ಎತ್ತಿ ನಿಂತು ಚಹಾ ಕುಡಿದೆ.

ಹಾಗಂತ ಟೀಚರ್ ಇವರನ್ನೂ ಕೈಬಿಡಲಿಲ್ಲ. ದೇರಾದಲ್ಲಿ ಒಂದೊಂದು ಕೋಣೆಯಲ್ಲಿ ಏಳೆಂಟು ಜನ ಕೆಲಸಗಾರರು ಇರುವ ಫ್ಲಾಟುಗಳಿಗೆ ಕರೆದುಕೊಂಡು ಹೋದರು. ಅಲ್ಲಿನವರೇ ಕೇಳದೆ ಪ್ರಾರ್ಥನೆ ಮಾಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ವಾಪಸು ಬರುವಾಗ ಕಾರಿನಲ್ಲಿ, ಅಲ್ಲಿನವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಟೀಚರಿಗೆ ಹೇಳಬೇಕು. ಮೊದಮೊದಲು ಇವರು ಕೆಂಡಾಮಂಡಲವಾಗಿ ಮನೆಗೆ ಬರುತ್ತಿದ್ದರು. “ನಾನೇನು ಒಂದನೇ ಕ್ಲಾಸಿನವನಾ?” ಎಂದು ಚಪ್ಪಲಿ ಎಸೆಯುತ್ತಿದ್ದರು.

ಮರುವರ್ಷ ಒಂದು ಸಂಜೆ ಮಾತ್ರ ಮೆತ್ತಗೆ ಬಂದರು. ಹೋಟೆಲಿನ ಅಡುಗೆಯವನೊಬ್ಬ, ತಾಯಿ ತೀರಿಕೊಂಡರೂ ಊರಿಗೆ ಹೋಗಲಾಗದೆ ಕೂತಿದ್ದನಂತೆ. “ಒಂದು ಮಾತೂ ಆಡ್ಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತೆ,” ಎಂದರು. ಚಪ್ಪಲಿ ಬಿಚ್ಚಿ ಬದಿಗಿಟ್ಟು ನನ್ನ ಕಡೆ ತಿರುಗಿದರು: “ನೀನು ಅವತ್ತು ಹೇಳಿದ್ದು, ಹಾರ್ಮೋನಿಯಂ ಬೇಡ, ಐಸಿಯುನಲ್ಲಿ ಜನ ಕಣ್ಣು ಬಿಟ್ಟಾಗ ಮೊದಲು ಕಾಣುವುದು ನನ್ನ ಮುಖ, ಅದು ನನ್ನ ಸೇವೆ ಅಂತ. ಸರಿಯಾ?”

ಅಯ್ಯೋ, ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಸರಿ,” ಎಂದೆ. “ಈಗ ನೀವು ಊರಿನ ಸೆಮಿನರಿಗೆ ಹೋಗಿ. ನಾನು ಇಲ್ಲೇ ಡ್ಯೂಟಿ ಮಾಡ್ತೇನೆ.”

ಟೀಚರ್ ಆ ವಾರವೇ ಬಿಷಪರಿಗೆ ‘ಸರಿ’ ಎಂದು ತಿಳಿಸಿದರು. ಸಭೆಯವರು ಮತ್ತೆ ಮೂಗು ಮುರಿದರು: ಗಂಡ ಊರಲ್ಲಿ, ಹೆಂಡತಿ ದುಬೈಯಲ್ಲಿ, ಇದೆಂಥ ಪಾಸ್ಟರ್ ಸಂಸಾರ?

“ಇಷ್ಟು ವರ್ಷ ಗಂಡಸರು ದುಬೈಯಲ್ಲಿ, ಹೆಂಗಸರು ಊರಲ್ಲಿ ಇದ್ರಲ್ಲ,” ಎಂದರು ಟೀಚರ್. “ಆಗ ಯಾರಾದ್ರೂ ಕೇಳಿದ್ರಾ?”

ಎಂಥ ಹೆಂಗಸು ಗೊತ್ತಾ! ಅಂಥವರ ಎದುರು ಕೂತು ಮನಸ್ಸು ಬಿಚ್ಚಿದವಳು ನಾನು ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಇವರ ಓದು ಮುಗಿಯುವ ವರ್ಷ ಟೀಚರ್ ಕಾಯಿಲೆ ಬಿದ್ದು ನಮ್ಮ ಐಸಿಯುಗೇ ಬಂದರು. ಕಣ್ಣು ಬಿಟ್ಟಾಗ ಎದುರಿಗೆ ನಾನೇ ಇದ್ದೆ. ತುಂಬಾ ಹೊತ್ತು ನೋಡಿ, “ಕೆಲಸ ಬಿಡದ್ದು ಒಳ್ಳೇದಾಯ್ತು,” ಎಂದರು. ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು.

ಇವರ ಪಾಸ್ಟರ್ ದೀಕ್ಷೆ ಊರಿನ ಚರ್ಚಿನಲ್ಲಿ ಆಯಿತು. ಬಿಷಪರು ಇವರನ್ನು ಜನರ ಕಡೆ ತಿರುಗಿಸಿ ನಿಲ್ಲಿಸಿ, ಈ ಸೇವೆಗೆ ಇವರು ತಕ್ಕವರೆಂದು ಒಪ್ಪುತ್ತೀರಾ ಎಂದು ಕೇಳಿದರು. ಇಡೀ ಚರ್ಚು ಒಂದೇ ದನಿಯಲ್ಲಿ ಒಪ್ಪಿತು. ಇವರ ಕಣ್ಣು ಮಾತ್ರ ಸಾಲುಸಾಲಿನಲ್ಲೂ ನನ್ನನ್ನು ಹುಡುಕುತ್ತಿತ್ತು. ಸಿಕ್ಕಿದ ಮೇಲೆ ಅಲ್ಲೇ ನಿಂತಿತು. ಆ ದನಿಯಲ್ಲಿ ನನ್ನದು ಸೇರಿಲ್ಲ, ನನ್ನ ಉತ್ತರ ಇನ್ನೂ ಬಂದಿಲ್ಲ ಎಂದು ಇವರಿಗೆ ಗೊತ್ತಿತ್ತು. ಎಲ್ಲರೂ ಸುಮ್ಮನಾದ ಮೇಲೆ, ಮರುದಿನವೇ ಡ್ಯೂಟಿಗೆ ದುಬೈ ವಿಮಾನ ಹತ್ತಬೇಕಿದ್ದ ನಾನು ಎದ್ದು ನಿಂತು, ಒಬ್ಬಳೇ, ಕೊನೆಯ ಸಾಲಿಗೂ ಕೇಳುವ ಹಾಗೆ “ಒಪ್ಪುತ್ತೇನೆ” ಎಂದೆ.